ಮೂರು ಗ್ರಾಂ

ಹೊಸೂರು, ಬಾಗಲೂರು ರಸ್ತೆ, ತಗಡಿನ ಶೆಡ್ಡು.
ಮುಚ್ಚಳ ಸರಿಸಿದರೆ ಒಳಗೆ ಉಪ್ಪು.
ಊಟದ್ದಲ್ಲ, ಸಮುದ್ರದ್ದೂ ಅಲ್ಲ,
ಎಂಟುನೂರು ಡಿಗ್ರಿಯಲ್ಲಿ
ಕೆಂಡದ ತಿಳಿಸಾರಿನ ಹಾಗೆ ಅಲುಗುವ ಉಪ್ಪು.

ಉಪ್ಪು ತಿಂದವರು ನೀರು ಕುಡಿಯಲೇಬೇಕು
ಅನ್ನುತ್ತಿದ್ದಳು ಅವ್ವ.
ಈ ಉಪ್ಪಿಗೆ ಒಂದು ಹನಿ ನೀರು ತೋರಿಸಿ ನೋಡಲಿ,
ಸೂರು ಹಾರಿಹೋಗುತ್ತದೆ.
ಅದಕ್ಕೇ ಇಕ್ಕಳ, ಸೌಟು, ಕೈಗವಸು
ಎಲ್ಲವನ್ನೂ ಕುಲುಮೆಯ ಮಗ್ಗುಲಲ್ಲಿ ಬೆಚ್ಚಗಿಡುತ್ತೇನೆ,
ಎಳೆಕೂಸಿನ ಬಟ್ಟೆ ಒಣಗಿಸಿದ ಹಾಗೆ.

ಪಚ್ಚಮುತ್ತು ಮೆಟ್ಟೂರಿನ ಕಡೆಯವನು.
ಮೂವತ್ತೊಂದು ವರ್ಷ ಕರಿ ಕೋಲುಗಳ ಸಾಲಿನ ಮುಂದೆ ನಿಂತವನು.
ಇದ್ದಿಲ ಕೋಲು ತಾನೇ ಉರಿದು, ಸವೆದು,
ಮೇಲಕ್ಕೆ ಹೊಗೆ, ಕೆಳಕ್ಕೆ ಬಿಳಿ ಲೋಹ
ಎಂದು ಎರಡು ಪಾಲಾಗುತ್ತಿತ್ತಂತೆ.
“ತಿಂಗಳು ತುಂಬುವುದರೊಳಗೆ ಹೊಸ ಕೋಲು, ಅಮ್ಮಾ”
ಎಂದು ಕೆಮ್ಮುತ್ತಾನೆ.
ಆ ಕೆಮ್ಮು ತಮಿಳೂ ಅಲ್ಲ, ಕನ್ನಡವೂ ಅಲ್ಲ.

ನಮ್ಮ ಕೋಲು ಬೇರೆ ಜಾತಿ.
ಹತ್ತರಲ್ಲಿ ಒಂಬತ್ತು ಪಾಲು ತಾಮ್ರ.
ಉರಿಯುವುದಿಲ್ಲ.
ಮೈಮೇಲೆ ಕಪ್ಪನೆಯ ಹಕ್ಕಳೆ ಕಟ್ಟಿಕೊಂಡು
ಅರವತ್ತು ಆಂಪಿಯರಿಗೆ ಬೆನ್ನು ಕೊಟ್ಟು ನಿಂತಿರುತ್ತದೆ.

ಮೊದಲ ರಾತ್ರಿ ಅವನು ನಂಬಲಿಲ್ಲ.
ಹೊಗೆ ಇಲ್ಲದೆ ಎಲ್ಲಿಯ ಅಲ್ಯೂಮಿನಿಯಂ?
ಪಟದ ಮುಂದಿನ ಊದುಬತ್ತಿ ಕಿತ್ತು ತಂದ,
ತುದಿಯಲ್ಲಿ ಕಿಡಿಯಷ್ಟೇ ಉಳಿದದ್ದು.
ಕೊಳವೆಯ ಬಾಯಿಗೆ ಹಿಡಿದ.
ಭಗ್ಗೆಂದು ಹೊತ್ತಿಕೊಂಡಿತು.
ಆರಿಸಿದ, ಹಿಡಿದ, ಭಗ್.
ಆರಿಸಿದ, ಹಿಡಿದ,
ಹೊಸ ಮನೆಯಲ್ಲಿ ಮಗು ಸ್ವಿಚ್ಚು ಒತ್ತಿ ನೋಡಿದ ಹಾಗೆ.
ಬತ್ತಿ ಮುಗಿದ ಮೇಲೆ
ಸ್ಟೂಲು ಎಳೆದುಕೊಂಡು ಕೊಳವೆಯ ಪಕ್ಕ ಕೂತ,
ಮೂಗು ಅಗಲಿಸಿ ಉಸಿರೆಳೆದ.
ಫ್ಲೋರೈಡ್ ಇರುತ್ತದೆ, ಏಳಪ್ಪಾ ಅಂದೆ.
“ಇದ್ದರೆ ಇರಲಿ. ಇಷ್ಟು ವರ್ಷ ಬರೀ ಅದೇ ಇತ್ತು.”

ಎರಡನೇ ರಾತ್ರಿ ಕರೆಂಟು ಹೋಯಿತು.
ಹನ್ನೊಂದು ನಿಮಿಷ.
ಜನರೇಟರು ಗೊರಕೆ ಹೊಡೆದು ಏಳುವಷ್ಟರಲ್ಲಿ
ಉಪ್ಪಿನ ಮೇಲೆ ಕೆನೆ.
ಸಲಾಕೆಯಿಂದ ಇಬ್ಬರೂ ಕುಟ್ಟಿದೆವು,
ಅವನು ಮುರುಗನನ್ನು ಬೈಯುತ್ತ,
ನಾನು ವಿದ್ಯುತ್ ಮಂಡಳಿಯನ್ನು.

ಎಪ್ಪತ್ತೆರಡು ಗಂಟೆಗೆ ಇಳಿಸಿದೆವು.
ಅಡಿಯಲ್ಲಿ ಒಂದು ಬಿಲ್ಲೆ,
ಅಂಗೈಗಿಂತ ದೊಡ್ಡದು, ಒರಟು ಮುಖದ್ದು.
ಕೋಲನ್ನು ತೂಗಿದೆ. ನಲವತ್ತನಾಲ್ಕು ಗ್ರಾಂ ಕಮ್ಮಿ.
ಬಿಲ್ಲೆಯನ್ನು ಕೊರೆಸಿ ನೋಡಿದರೆ
ಅದರೊಳಗೆ ತಾಮ್ರ, ನಲವತ್ತೊಂದು.

ಉರಿಯದ ಕೋಲು ಸುಮ್ಮನೆ ನಿಂತಿರಲಿಲ್ಲ ಹಾಗಾದರೆ.
ಯಾರಿಗೂ ಹೇಳದೆ
ಒಂದೊಂದೇ ಚಿಟಿಕೆ ಇಳಿದುಹೋಗಿದೆ
ತಾನು ಹುಟ್ಟಿಸುತ್ತಿದ್ದುದರ ಒಳಕ್ಕೆ.

ಸಂಪಂಗಿ, ನಮ್ಮ ಸೂಪರ್‌ವೈಸರು, ತೆಲುಗಿನಲ್ಲಿ ತಲೆ ಚಚ್ಚಿಕೊಂಡ.
ಅವನ ಕಾಗದದಲ್ಲಿ ಒಂದು ಅಂಕಣ ಉಂಟು: ಅಶುದ್ಧಿ.
ಅಲ್ಲಿ ಸೊನ್ನೆ ಇರಬೇಕಂತೆ.
ನನಗೆ ಡೆಂಕಣಿಕೋಟೆಯ ಏಳನೇ ಕ್ಲಾಸು ನೆನಪಾಯಿತು.
ವೆಂಕಟಗಿರಿಯಪ್ಪ ಮೇಷ್ಟ್ರು ನನ್ನ ಪ್ರಬಂಧದ ತುಂಬ
ಕೆಂಪು ಗೆರೆ ಎಳೆದಿದ್ದರು,
ಇದು ತೆಲುಗು, ಇದು ಅರವ, ಇದು ನಿಮ್ಮಜ್ಜಿಯ ಮಾತು ಅಂತ.
ಅವ್ವ ಗೆರೆ ಎಣಿಸಿ, ಹದಿನಾಲ್ಕು ಮಾರ್ಕು ಬಂದಿದೆ
ಎಂದು ಬೀದಿಗೆಲ್ಲ ಹೇಳಿದ್ದಳು.

ಬಿಲ್ಲೆಗೂ ಒಂದು ಪರೀಕ್ಷೆ ಇಟ್ಟೆ.
ಅಪ್ಪಟ ಅಲ್ಯೂಮಿನಿಯಂ ತುಂಡೊಂದನ್ನು ಪಕ್ಕದಲ್ಲಿಟ್ಟು
ಮೊಳೆಯಿಂದ ಗೀರಿದೆ.
ಅಪ್ಪಟದ ಮೈ ಬೆಣ್ಣೆಯಂತೆ ಸೀಳಿತು.
ಬಿಲ್ಲೆಯ ಮೇಲೆ ಮೊಳೆಯೇ ಜಾರಿತು.
ಪಕ್ಕದ ಶೆಡ್ಡಿನ ಪಂಪಿನವನು ಬಂದು ತಿರುಗಿಸಿ ನೋಡಿ
ಇಂಥದ್ದು ಇನ್ನೂ ಇದೆಯಾ ಅಂದ.
ಸಂಪಂಗಿ ತಲೆ ಚಚ್ಚಿಕೊಳ್ಳುವುದನ್ನು ನಿಲ್ಲಿಸಿ ರೇಟು ಕೇಳಿದ.

ಅಂಕಣದ ಹೆಸರಿಗೆ ಗೆರೆ ಎಳೆದು
ಮೇಲೆ ಬರೆದೆ: ಕೂಡಿದ್ದು.
ಕೆಂಪು ಪೆನ್ನೇ ಸಿಕ್ಕಿತು, ಅದರಲ್ಲೇ.

ಉಳಿದದ್ದು ಮೂರು ಗ್ರಾಂ.
ಕೋಲಿನಲ್ಲಿಲ್ಲ, ಬಿಲ್ಲೆಯಲ್ಲಿಲ್ಲ.
ಬೆಳಗಿನ ನಾಲ್ಕೂವರೆಗೆ ಗುಲಾಬಿಯ ಲಾರಿಗಳು
ಹಾರ್ನು ಹೊಡೆಯುತ್ತ ಹೋಗುವಾಗ
ತಣ್ಣಗಾದ ಉಪ್ಪಿನ ಗಟ್ಟಿ ಒಡೆದು ನೋಡಿದೆ.
ಬಿಳಿಯ ಅಂಚಿಗೆ ಹಸಿರು ಎಳೆಯೊಂದು
ಇದ್ದ ಹಾಗಿತ್ತು, ಟ್ಯೂಬ್‌ಲೈಟಿನ ಬೆಳಕೂ ಇರಬಹುದು.

ಬರೆದೆ: ಮೂರು ಗ್ರಾಂ, ಉಪ್ಪಿನ ಋಣ.
ಹಾಗಂದರೇನು ಎಂದು ಸಂಪಂಗಿ ಕೇಳಲಿ.
ಪಚ್ಚಮುತ್ತು ಹೊಸ ಊದುಬತ್ತಿಯ ಪೊಟ್ಟಣ ತಂದಿದ್ದಾನೆ,
ದೇವರಿಗೊಂದು, ಕೊಳವೆಗೆ ಐದು.